ಎಡಗಡೆಯ ಡಬ್ಬಿ

ಹೊಸ ವರ್ಷದ ದಿನ ವರ್ನಾ ಕಿಸ್ಟ್ಲರ್ ಹುಳಿ ಬರಿಸಿದ ಎಲೆಕೋಸನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಹಿಂಡಿದಳು. ಮತ್ತೆ ತೊಳೆದಳು. ಇನ್ನೊಂದು ಸಲ ಹಿಂಡುವಾಗ ಊಟದ ಮೇಜಿನ ಕಡೆಯಿಂದ ಅವಳ ಗಂಡ ಹಾರ್ಲನ್ ಪಾದ್ರಿಯ ಮೂಗಿನ ದನಿಯಲ್ಲಿ ರಾಗ ಎಳೆದ:

"ಪ್ರಿಯ ಬಂಧುಗಳೇ, ಈ ಎಲೆಕೋಸಿನ ಆತ್ಮಕ್ಕೆ ಶಾಂತಿ ಕೋರೋಣ. ಬದುಕಿದ್ದಾಗ ಬಲು ಹುಳಿ ಮುಖದ್ದು. ಸತ್ತ ಮೇಲೆ ಸ್ನಾನದ ಮೇಲೆ ಸ್ನಾನ."

ಮೊಮ್ಮಗಳು ಟೆಸ್ಸಾ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ನಕ್ಕಳು.

"ನಗ್ಬೇಡ. ತಾತನ ಎದೆ ನಗೋ ವಿಷಯ ಅಲ್ಲ," ವರ್ನಾ ತಿರುಗದೆಯೇ ಹೇಳಿದಳು.

"ಅಲ್ಲ ಅಜ್ಜಿ, ವರ್ಷದ ಮೊದಲ ದಿನ ಇದನ್ನ ತಿಂದ್ರೆ ಅದೃಷ್ಟ ಅಂತ ನೀನೇ ಹೇಳ್ತಿದ್ದೆ. ಅದೃಷ್ಟ ಎಲ್ಲಾ ಮೋರಿಗೆ ಹೋಗ್ತಿದೆಯಲ್ಲ?"

"ಅದೃಷ್ಟ ಹೋದ್ರೆ ಹೋಗ್ಲಿ, ಉಪ್ಪು ಹೋಗ್ಲಿ."

ಕ್ರಿಸ್‌ಮಸ್‌ಗೆ ಮುಂಚೆ ಹಾರ್ಲನ್‌ಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ, ಎದೆಗೂಡಿನಲ್ಲಿ ನೀರು ತುಂಬಿ, ಆಂಬುಲೆನ್ಸ್ ಬಂದಿತ್ತು. ಹೃದಯ ದಣಿದಿದೆ, ಬಂದ ನೀರನ್ನು ಹೊರಗೆ ತಳ್ಳುತ್ತಿಲ್ಲ, ಉಪ್ಪು ಮುಟ್ಟಿದರೆ ನೀರು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕುಡಿಯುವ ನೀರಿಗೂ ಅಳತೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ಗಾದೆ. ಹಾರ್ಲನ್‌ನ ಪಾಲಿಗೆ ಗಾದೆಯ ಎರಡು ತುದಿಯನ್ನೂ ಕತ್ತರಿಸಿ ಒಗೆದಿದ್ದರು.

ಅದೂ ಎಂಥವನಿಗೆ! ರೆಡಿಂಗ್ ಊರಿನಲ್ಲಿ ಪ್ರೆಟ್ಜೆಲ್ ಎಂಬ ಗಂಟುರೊಟ್ಟಿಯ ಭಟ್ಟಿಯೊಂದರಲ್ಲಿ ಮೀಸೆ ಮೂಡುವ ಮೊದಲು ಸೇರಿ, ಮೀಸೆ ಬೆಳ್ಳಗಾದ ಮೇಲೆ ಹೊರಬಂದವನು. ಹಿಟ್ಟಿನ ಹಗ್ಗ ಹೊಸೆಯುವುದು, ಗಂಟು ಹಾಕುವುದು, ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದುವುದು, ಮೇಲೆ ದಪ್ಪ ಉಪ್ಪು ಉದುರಿಸಿ ಒಲೆಗೆ ತಳ್ಳುವುದು: ಅವನ ಜನ್ಮವೆಲ್ಲ ಇಷ್ಟೇ. ಆ ಸೋಡಾ ನೀರಿಲ್ಲದೆ ಪ್ರೆಟ್ಜೆಲ್‌ಗೆ ಕಂದು ಹೊಳಪು ಬರುವುದಿಲ್ಲ. ಒಲೆಯಲ್ಲಿ ಬೆಂದರೆ ಅದು ಸಾಧು. ಬೇಯದೆ ಹಾಗೇ ಮುಟ್ಟಿದರೆ ಚರ್ಮ ಸುಟ್ಟು ಸೋಪಿನ ಹಾಗೆ ಮಾಡುತ್ತದೆ. ಗಂಟಲಿಗಿಳಿದರೆ ಮಾತೇ ಬೇಡ. ಅದಕ್ಕೇ ಕಿಸ್ಟ್ಲರ್ ಮನೆಯ ನೆಲಮಾಳಿಗೆಯಲ್ಲಿ, ಎತ್ತರದ ಹಲಗೆಯ ಮೇಲೆ, ತಲೆಬುರುಡೆ ಚಿತ್ರದ ಎರಡು ತಗಡಿನ ಡಬ್ಬಿಗಳಿದ್ದವು. ಹಾರ್ಲನ್ ಬಿಟ್ಟು ಬೇರೆ ಯಾರೂ ಅವನ್ನು ಮುಟ್ಟುವ ಹಾಗಿರಲಿಲ್ಲ. ಮಗಳು ಲೊರೆಟ್ಟಾ ತೊಟ್ಟಿಲಲ್ಲಿದ್ದಾಗ ಬಂದ ಕಟ್ಟಳೆ ಅದು. ಈಗ ಅವಳ ಮಗಳು ಟೆಸ್ಸಾ ಕಾರು ಓಡಿಸಲು ಕಲಿಯುತ್ತಿದ್ದರೂ ಸಡಿಲವಾಗಿರಲಿಲ್ಲ.

ಆಸ್ಪತ್ರೆಯಿಂದ ಬಂದ ವಾರವೇ ವರ್ನಾ ಮನೆಯ ಉಪ್ಪನ್ನೆಲ್ಲ ಗುಡಿಸಿದಳು. ಉಪ್ಪಿನಕಾಯಿ ಸೌತೆಯನ್ನು ನೆರೆಮನೆಗೆ ಕೊಟ್ಟಳು. ಹಂದಿಮಾಂಸದ ಡಬ್ಬಗಳನ್ನು ಚರ್ಚಿಗೆ ಹೊತ್ತೊಯ್ದು ಕೊಟ್ಟಳು. ಆದರೆ ಒಂದು ಚೀಲ ಮಾತ್ರ ಕೈಯಲ್ಲೇ ಉಳಿಯಿತು. ಕೆಲಸ ಬಿಟ್ಟ ದಿನ ಭಟ್ಟಿಯ ಗೆಳೆಯರು ಹಾರ್ಲನ್‌ಗೆ ಕೊಟ್ಟ ದಪ್ಪ ಪ್ರೆಟ್ಜೆಲ್ ಉಪ್ಪಿನ ಚೀಲ. ಕಸದ ಬುಟ್ಟಿಯ ಮೇಲೆ ಹಿಡಿದು ನಿಂತಳು. ಗಂಡನನ್ನೇ ಎತ್ತಿ ಎಸೆಯುತ್ತಿದ್ದೇನೆ ಅನ್ನಿಸಿ ಚೀಲವನ್ನು ಹಿಂದಕ್ಕೆ ತೆಗೆದುಕೊಂಡಳು. ಬಚ್ಚಿಡೋಣವೆಂದರೆ, ಅವನು ಬೇಟೆನಾಯಿ. ಹಿಟ್ಟಿನ ಡಬ್ಬಿ, ಹೊಲಿಗೆ ಪೆಟ್ಟಿಗೆ, ಅವಳ ಚಳಿಗಾಲದ ಬೂಟು, ಎಲ್ಲವನ್ನೂ ಮೂಸಿ ನೋಡುತ್ತಾನೆ. ಈ ಮನೆಯಲ್ಲಿ ಯಾರೂ ಕೈಯಿಡದ ಜಾಗ ಯಾವುದು?

ನೆಲಮಾಳಿಗೆಗೆ ಇಳಿದಳು. ಎರಡರಲ್ಲಿ ಒಂದು ಡಬ್ಬಿ ಖಾಲಿಯಾಗಿತ್ತು. ತೊಳೆದು, ಒಣಗಿಸಿ, ಉಪ್ಪನ್ನು ಅದಕ್ಕೆ ಸುರಿದು ಮುಚ್ಚಳ ಬಿಗಿದಳು. ಎಡಗಡೆ ಉಪ್ಪು, ಬಲಗಡೆ ವಿಷ. ಯಾರಿಗೂ ಹೇಳಲಿಲ್ಲ. ಹಾರ್ಲನ್‌ಗೆ ಮೆಟ್ಟಿಲಿಳಿಯಲು ಅಪ್ಪಣೆ ಇರಲಿಲ್ಲ. ತಲೆಬುರುಡೆಯನ್ನೇ ಕಾವಲಿಗಿಟ್ಟೆ ಎಂದು ಅವಳಿಗೆ ಸಮಾಧಾನವಾಯಿತು.

ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ಬೆಳಗಾದರೆ ಹಾರ್ಲನ್ ತೂಕ ನೋಡಿಕೊಳ್ಳಬೇಕು. ತೂಕ ದಿಢೀರನೆ ಏರಿದರೆ ನೀರು ನಿಂತಿದೆ ಎಂದರ್ಥ. ವರ್ನಾ ಬಚ್ಚಲುಮನೆಯ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು.

"ಎಷ್ಟು?"

"ಹುಟ್ಟಿದಾಗ ಇದ್ದಿದ್ದಕ್ಕಿಂತ ಸ್ವಲ್ಪ ಜಾಸ್ತಿ."

"ಹಾರ್ಲನ್! ಎಷ್ಟು ಅಂತ ಹೇಳು."

"ನಿನ್ನೆಗಿಂತ ಎರಡು ಪೌಂಡ್ ಮೇಲೆ. ಗಾಬರಿಯಾಗ್ಬೇಡ, ಪೈಜಾಮದ ತೂಕ."

ಅವಳು ಬಾಗಿಲು ತಳ್ಳಿಕೊಂಡೇ ಒಳಗೆ ಹೋಗಿ, ಮಂಡಿಯೂರಿ, ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಜಾಗ ನಾದಿದ ಹಿಟ್ಟಿನ ಹಾಗೆ ತಗ್ಗಾಗಿಯೇ ಉಳಿಯಿತು. ವರ್ನಾ ಇನ್ನೊಂದು ಕಾಲನ್ನೂ ಒತ್ತಿ ನೋಡಿದಳು.

"ಹಿಟ್ಟು ಹದವಾಗಿದೆಯಾ?" ಮೇಲಿನಿಂದ ಹಾರ್ಲನ್ ಕೇಳಿದ. "ಒಲೆಗೆ ಹಾಕಬಹುದಾ?"

"ನಿನ್ನ ಬಾಯಿಗೆ ಬೆಂಕಿ ಬೀಳ. ಉಪ್ಪು ಎಲ್ಲಿ ತಿಂದೆ?"

ಸಂಜೆ ಕಳ್ಳತನ ಹೊರಬಿತ್ತು. ಲೊರೆಟ್ಟಾ ಸ್ಕೂಲ್ ಬಸ್ಸು ಓಡಿಸುವವಳು. ಅವಳ ಕೋಟಿನ ಜೇಬಿನಲ್ಲಿ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಸಿಕ್ಕಿತು. ಒಳಗನ್ನು ಹೊರಗು ಮಾಡಿ ನೆಕ್ಕಿದ ಪೊಟ್ಟಣ.

"ನನ್ನ ಎದೆಗೇನಾಗಿದೆ ಅಮ್ಮಾ?" ಲೊರೆಟ್ಟಾ ತಟ್ಟೆಯನ್ನು ಕುಕ್ಕಿದಳು. "ದಿನವಿಡೀ ಆ ಮಕ್ಕಳ ಗಲಾಟೆ ಕೇಳಿ ಬಂದು, ಇಲ್ಲಿ ಕಾಗದ ಬೇಯ್ಸಿದ ಹಾಗಿರೋ ಸಾರು ತಿನ್ನಬೇಕಾ? ಮನೇಲಿ ತಿನ್ನೋ ಹಾಗಿಲ್ಲ ಅಂತ ಬಸ್ಸಲ್ಲಿ ಕೂತು ತಿಂತೀನಿ. ಕಳ್ಳಿ ಥರ!"

"ಪೊಟ್ಟಣ ಯಾಕೆ ಮನೆಗೆ ತಂದೆ? ಅವನು ನೆಕ್ಕಿದಾನೆ ನೋಡು!"

"ನೆಕ್ಕಿಲ್ಲ," ಹಾರ್ಲನ್ ಗಂಭೀರವಾಗಿ ಹೇಳಿದ. "ಓದಿದೆ. ಅಕ್ಷರ ಸಣ್ಣದಿತ್ತು. ನಾಲಿಗೆ ಹತ್ತಿರ ಬಂತು."

ಟೆಸ್ಸಾ ಕೆಮ್ಮಿದಂತೆ ನಟಿಸಿದಳು. ವರ್ನಾ ನಗಲಿಲ್ಲ. ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಹೊರಗೆ ಹೋಗಿ, ಹಿಮದಲ್ಲಿ, ಕೋಟಿಲ್ಲದೆ ನಿಂತಳು. ಕರೆದುಕೊಂಡು ಬರಲು ಹೋದ ಲೊರೆಟ್ಟಾಗೆ ತಾಯಿಯ ಹಲ್ಲು ಕಟಕಟ ಎನ್ನುವುದು ಕೇಳಿಸಿತು. ಚಳಿಗೋ ಭಯಕ್ಕೋ ತಿಳಿಯಲಿಲ್ಲ. ಆ ದಿನದಿಂದ ಅವಳು ಚಿಪ್ಸ್ ತಿನ್ನುವುದನ್ನು ಬಿಟ್ಟಳು, ಅಥವಾ ಪೊಟ್ಟಣವನ್ನು ಬಸ್ಸಿನಲ್ಲೇ ಬಿಟ್ಟಳು.

ಜನವರಿ ಹೀಗೇ ಸವೆಯಿತು. ಮಧ್ಯಾಹ್ನ ಹಾರ್ಲನ್ ಕುರ್ಚಿಯಲ್ಲಿ ತೂಕಡಿಸಿದರೆ ವರ್ನಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಉಸಿರು ಕೇಳುತ್ತಿದ್ದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವಳದೂ ನಿಂತುಹೋಗುತ್ತಿತ್ತು. ಅವನು ಎಚ್ಚರವಿದ್ದಾಗ ಆಸ್ಪತ್ರೆಯಿಂದ ಫೋನ್ ಮಾಡಿ ವಿಚಾರಿಸುವ ನರ್ಸಿನ ದನಿ ತೆಗೆದು, "ಶ್ರೀಮಾನ್ ಕಿಸ್ಟ್ಲರ್, ತಾವು ಬದುಕಿದ್ದೀರಾ? ಹೌದಾದರೆ ಒಂದನ್ನು ಒತ್ತಿ," ಎಂದು ಉಲಿಯುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಷ್ಟು ಹೊತ್ತು ಭಯ ದೂರ ನಿಲ್ಲುತ್ತಿತ್ತು.

ಫೆಬ್ರವರಿ ಬಂತು. ಪ್ರೇಮಿಗಳ ದಿನಕ್ಕೆ ಅಂಗಡಿಗಳೆಲ್ಲ ಕೆಂಪಾದವು. ಬೇರೆ ಗಂಡಂದಿರು ಚಾಕೊಲೇಟು ತರುತ್ತಾರೆ. ಹಾರ್ಲನ್ ಮದುವೆಗೆ ಮುಂಚಿನಿಂದಲೂ ಆ ದಿನ ಪ್ರೆಟ್ಜೆಲ್ಲನ್ನು ಹೃದಯದ ಆಕಾರಕ್ಕೆ ತಿರುವಿ, ಬಿಸಿಬಿಸಿಯಾಗಿ ವರ್ನಾಗೆ ಕೊಡುತ್ತಿದ್ದ. ಸಿಹಿ ಹಂಚುವವರು ಸಾವಿರ ಜನ, ಉಪ್ಪು ಹಂಚಿಕೊಳ್ಳುವವಳು ಒಬ್ಬಳೇ ಎನ್ನುತ್ತಿದ್ದ.

"ಈ ವರ್ಷ ಬೇಡ," ಎಂದಳು ವರ್ನಾ.

"ವರ್ನಾ..."

"ಬೇಡ ಅಂದೆ. ಹೃದಯ ಮಾಡೋಕೆ ಹೊರಟಿದಾನೆ! ಇರೋದನ್ನ ಮೊದಲು ಉಳಿಸ್ಕೋ."

ಹಾರ್ಲನ್ ಏನೂ ಹೇಳಲಿಲ್ಲ. ಆ ಸಂಜೆಯೂ ಹೇಳಲಿಲ್ಲ. ಮರುದಿನ ಪಾದ್ರಿಯ ದನಿ ಬರಲಿಲ್ಲ, ನರ್ಸಿನ ದನಿ ಬರಲಿಲ್ಲ, ತೂಕ ಕೇಳಿದರೆ ಬರಿ ಅಂಕಿ ಬಂತು. ಟೆಸ್ಸಾ ಅಡುಗೆಮನೆಗೆ ಬಂದು ಅಜ್ಜಿಯ ಮುಂದೆ ಕೈಕಟ್ಟಿ ನಿಂತಳು.

"ಅಜ್ಜಿ, ತಾತನ್ನ ಬದುಕಿಸ್ತಾ ಇದೀಯೋ, ಒಣಗಿಸ್ತಾ ಇದೀಯೋ?"

"ದೊಡ್ಡವರ ವಿಷಯದಲ್ಲಿ ಬಾಯಿ ಹಾಕ್ಬೇಡ."

"ಹಾಕ್ತೀನಿ. ನಾನು ತಿರುವ್ತೀನಿ, ನಾನೇ ಅದ್ದುತೀನಿ, ಕೈಗವಸು ಕನ್ನಡಕ ಎಲ್ಲಾ ಹಾಕ್ಕೊಂಡು. ತಾತ ಕುರ್ಚಿಲಿ ಕೂತು ಹೇಳಿಕೊಡ್ಲಿ. ಮೇಲೆ ಒಂದು ಹರಳು ಉಪ್ಪೂ ಹಾಕಲ್ಲ. ಆಯ್ತಾ?"

ವರ್ನಾ ಕೋಣೆಯತ್ತ ನೋಡಿದಳು. ಹಾರ್ಲನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಚೇಷ್ಟೆಗಿಂತ ಮೌನಕ್ಕೆ ಅವಳು ಹೆಚ್ಚು ಹೆದರಿದ್ದಳು.

"ಒಂದು ಹರಳೂ ಇಲ್ಲ," ಎಂದಳು. "ಡಬ್ಬಿ ಬಲಗಡೆದು ತಗೋ. ಅವನದು ಬಾಯಿ ಕೆಲಸ ಮಾತ್ರ."

"ಅದೇ ತಾನೇ ತಾತನ ಕಸುಬು!"

ಹದಿನಾಲ್ಕರ ಬೆಳಗ್ಗೆ ವರ್ನಾ ಔಷಧಿ ತರಲು ಹೋದಳು. ಬರುವಷ್ಟರಲ್ಲಿ ಹೊಸ್ತಿಲಿಗೇ ವಾಸನೆ ಎದುರುಬಂತು: ಬೆಣ್ಣೆ, ಸುಟ್ಟ ಹಿಟ್ಟು. ಟೆಸ್ಸಾ ಮೊಣಕೈವರೆಗೆ ಕೈಗವಸು ಹಾಕಿ, ದೊಡ್ಡ ಕನ್ನಡಕದೊಳಗಿನಿಂದ ಮೀನಿನ ಹಾಗೆ ನೋಡುತ್ತಿದ್ದಳು. ಅದ್ದುವ ನೀರನ್ನು ಆಗಲೇ ಚೆಲ್ಲಿ, ಪಾತ್ರೆ ತೊಳೆದಿಟ್ಟಿದ್ದಳು. ಡಬ್ಬಿಯೂ ಹಲಗೆಗೆ ವಾಪಸ್ಸಾಗಿತ್ತು. ಮೇಜಿನ ಮೇಲೆ ಬಟ್ಟೆ ಹಾಸಿ ಹೃದಯಗಳನ್ನು ಆರಲು ಇಟ್ಟಿದ್ದರು. ಒಂದು ಸೊಟ್ಟ, ಒಂದು ದಪ್ಪ, ಒಂದಕ್ಕೆ ಗಂಟೇ ಬಿಚ್ಚಿತ್ತು.

"ಅದು ವಿಚ್ಛೇದನ ಆದವರಿಗೆ," ಎಂದ ಹಾರ್ಲನ್. ದನಿ ಮರಳಿತ್ತು! ವರ್ನಾ ಕೋಟು ಕಳಚುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

"ತಾತ, ನೀನು ಮೊದಲು ತಿನ್ನು. ಗುರುದಕ್ಷಿಣೆ," ಎಂದಳು ಟೆಸ್ಸಾ.

ಅವನು ಬೋಳು ಹೃದಯವೊಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುತ್ತಲೇ ಇದ್ದ. ನುಂಗುವುದು ತಡವಾಯಿತು.

"ಚೆನ್ನಾಗಿದೆ ಮಗಳೇ."

ಯಾವ ರಾಗವೂ ಇಲ್ಲದ, ಆಸ್ಪತ್ರೆಯ ಗಂಜಿಯಂಥ ದನಿ. ಉಳಿದ ಅರ್ಧವನ್ನು ಅವನು ತಟ್ಟೆಯ ಅಂಚಿಗೆ ಸರಿಸಿದ. ವರ್ನಾಗೆ ಅಷ್ಟು ಸಾಕಾಯಿತು. ದಿನಕ್ಕೆ ಚೂರು ಉಪ್ಪು ಪರವಾಗಿಲ್ಲ ಎಂದು ಹಿಂದಿನ ವಾರ ಫೋನಿನಲ್ಲಿ ನರ್ಸೇ ಒಪ್ಪಿದ್ದಳಲ್ಲ? ಬೆಳಗಿನಿಂದ ಅವನು ತಿಂದಿದ್ದರಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ. ಒಂದು ಚಿಟಿಕೆ. ಮನೆಯಲ್ಲಿ ಅದು ಎಲ್ಲಿದೆ ಎಂದು ಗೊತ್ತಿದ್ದವಳು ತಾನೊಬ್ಬಳೇ.

"ಬಟ್ಟೆ ಮೆಷಿನ್ ನೋಡಿ ಬರ್ತೀನಿ," ಎಂದು ಇಳಿದಳು.

ನೆಲಮಾಳಿಗೆಯ ಬಲ್ಬು ಹಳದಿಗಣ್ಣು ಬಿಟ್ಟಿತು. ಎಡಗಡೆಯ ಡಬ್ಬಿ. ಮುಚ್ಚಳ ತೆಗೆದು, ಮುಖ ಬೇರೆಡೆ ತಿರುಗಿಸಿಕೊಂಡೇ, ಬೆರಳು ಅದ್ದಿ ಬಿಳಿ ಹರಳುಗಳನ್ನು ಅಂಗೈಗೆ ಹಾಕಿಕೊಂಡಳು. ಕಳ್ಳನಿಗೆ ಕದ್ದ ಮಾಲಿನ ಮುಖ ನೋಡಲು ಧೈರ್ಯ ಎಲ್ಲಿ? ಮುಷ್ಟಿ ಬಿಗಿದು ಮೇಲೆ ಬಂದಳು. ಹಾರ್ಲನ್ ಮತ್ತು ಟೆಸ್ಸಾ ಗಂಟಿನ ವಿಷಯಕ್ಕೆ ಜಗಳವಾಡುತ್ತಿದ್ದರು. ವರ್ನಾ ಅವರಿಗೆ ಬೆನ್ನು ಮಾಡಿ, ಎಲ್ಲಕ್ಕಿಂತ ಚೆಂದದ ಹೃದಯವನ್ನು ಆರಿಸಿ, ಮೇಲೆ ಬೆಣ್ಣೆ ಸವರಿ, ಮುಷ್ಟಿ ಬಿಚ್ಚಿ ಉದುರಿಸಿದಳು. ಅಂಗೈಗೆ ಕೆಲವು ಅಂಟಿಕೊಂಡವು. ಏಪ್ರನ್ನಿಗೆ ಒರೆಸಿಕೊಂಡಳು.

"ತಗೋ," ಎಂದು ತಟ್ಟೆ ಮುಂದಿಟ್ಟಳು. "ನಾನೇ ಕೊಡ್ತಿದೀನಿ. ಇವತ್ತು ಒಂದೇ ಒಂದು."

ಹಾರ್ಲನ್ ನೋಡಿದ. ಕಣ್ಣು ಅರಳಿತು.

"ವರ್ನಾ! ಇದು ಉಪ್ಪೇನೇ?"

"ಕೂಗ್ಬೇಡ. ತಿನ್ನು."

"ಅಜ್ಜೀ!" ಟೆಸ್ಸಾ ಬಾಯಿ ಬಿಟ್ಟಳು. "ಪೊಲೀಸರೇ ಕಳ್ಳಸಾಗಣೆ ಮಾಡ್ತಿದಾರೆ!"

ಅವನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಮೊದಲು ಮೂಸಿದ. ಮಕ್ಕಳ ಹಾಗೆ ಕಣ್ಣು ಮುಚ್ಚಿ ತುಟಿಗೆ ತಾಗಿಸಿದ.

ವರ್ನಾಳ ಅಂಗೈ ಜಾರುತ್ತಿತ್ತು. ಬೆಣ್ಣೆ ಅಂದುಕೊಂಡಳು. ಬೆರಳಿಂದ ಬೆರಳನ್ನು ಉಜ್ಜಿದಳು. ಸೋಪು ಹಚ್ಚಿ ತೊಳೆಯದೆ ಬಿಟ್ಟ ಹಾಗೆ ನುಣುಪು. ಆಮೇಲೆ ನವೆ. ಆಮೇಲೆ ಅಂಗೈ ನಡುವೆ ಬಿಸಿ ಸೂಜಿ ಚುಚ್ಚಿತು. ಭಟ್ಟಿಯವನ ಹೆಂಡತಿ ಅವಳು. ಹೊಸದಾಗಿ ಮದುವೆಯಾದಾಗ ಅವನ ಅಂಗಿಯ ತೋಳಿನಲ್ಲಿ ಈ ನುಣುಪನ್ನು ತೊಳೆದಿದ್ದಳು.

ಮಾತಿಗಿಂತ ಮೊದಲು ಕೈ ಹೊರಟಿತು. ಬೀಸಿದ ಏಟಿಗೆ ಪ್ರೆಟ್ಜೆಲ್ ಹಾರಿ ಗೋಡೆಗೆ ಬಡಿಯಿತು. ಹಾರ್ಲನ್‌ನ ಕೆನ್ನೆಗೂ ಏಟು ತಗಲಿತು.

"ಉಗುಳು! ಉಗುಳು ಹಾರ್ಲನ್! ನುಂಗಿದ್ಯಾ? ನುಂಗಿದ್ಯಾ?"

"ಏನೇ ಇದು, ಇನ್ನೂ ಕಚ್ಚೇ ಇಲ್ಲ..." ಅವನು ತುಟಿ ಮುಟ್ಟಿಕೊಂಡ. ಮುಖ ಬದಲಾಯಿತು. "ಸೋಡಾ! ಇದು ಸೋಡಾ!"

"ಟೆಸ್ಸಾ, ನೀರು! ಅವನ ಬಾಯಿಗೆ ನೀರು!"

"ನನ್ನ ಬಿಡು, ನಿನ್ನ ಕೈ ನೋಡು! ನಲ್ಲಿಗೆ ಹಿಡೀಬೇಡ, ಮೊದಲು ಒಣಗಿದ್ದು ಕೊಡವು. ಕೊಡವು ಅಂದೆ! ಈಗ ನೀರು. ಪೂರ್ತಿ ತಿರುಗಿಸು."

ಟೆಸ್ಸಾ ತಾತನ ತುಟಿಗೆ ಬಟ್ಟಲು ಬಟ್ಟಲು ನೀರು ಸುರಿದಳು. ಅವನು ತೊಳೆದು ಉಗುಳಿದ, ಮತ್ತೆ ತೊಳೆದು ಉಗುಳಿದ. ಕಚ್ಚದೆ ಮೂಸಿದ್ದೇ ಅವನನ್ನು ಉಳಿಸಿತ್ತು. ತುಟಿಯ ಅಂಚು ಮಾತ್ರ ಕೆಂಪಾಗಿತ್ತು. ಅಷ್ಟಾದ ಮೇಲೆ ಅವನು ವರ್ನಾಳ ಹಿಂದೆ ನಿಂತು ಅವಳ ಮಣಿಕಟ್ಟನ್ನು ನಲ್ಲಿಯ ಕೆಳಗೆ ಬಲವಾಗಿ ಹಿಡಿದುಕೊಂಡ. ತಣ್ಣೀರು ಸುರಿಯುತ್ತಲೇ ಇತ್ತು. ಅಂಗೈ ಚರ್ಮ ಬೆಳ್ಳಗೆ ಸುಕ್ಕಾಗಿತ್ತು.

"ಉಪ್ಪು ಅಂದ್ಕೊಂಡೆ," ಅವಳು ಬಿಕ್ಕಿದಳು. "ಖಾಲಿ ಡಬ್ಬಿಲಿ ಬಚ್ಚಿಟ್ಟಿದ್ದೆ, ನಿನಗೆ ಸಿಗಬಾರದು ಅಂತ. ಎಡಗಡೆ. ಎಡಗಡೆದ್ದರಲ್ಲೇ ತೆಗ್ದೆ, ದೇವರಾಣೆ."

ಟೆಸ್ಸಾ ಬಟ್ಟಲನ್ನು ಕೆಳಗಿಟ್ಟಳು. "ನಾನು ಬಲಗಡೆದು ತಗೊಂಡೆ ಅಜ್ಜಿ. ವಾಪಸ್ ಇಡುವಾಗ ಇನ್ನೊಂದನ್ನ ಬಲಕ್ಕೆ ತಳ್ಳಿ ಇದನ್ನ ಎಡಗಡೆ ಇಟ್ಟೆ... ಎರಡರಲ್ಲೂ ಸೋಡಾನೇ ಅಂದ್ಕೊಂಡಿದ್ದೆ. ಎಲ್ಲಿಟ್ರೆ ಏನು ಅಂತ..."

"ನಿನ್ನ ತಪ್ಪಿಲ್ಲ ಮಗಳೇ. ಅಮ್ಮನಿಗೆ ಫೋನ್ ಮಾಡು, ಹೋಗು," ಎಂದ ಹಾರ್ಲನ್.

ಅವನ ಎದೆ ಅವಳ ಬೆನ್ನಿಗೆ ಒತ್ತಿತ್ತು. ಒಳಗಿನ ಏದುಸಿರು ಅವಳ ಮೂಳೆಗೆ ತಾಗುತ್ತಿತ್ತು.

"ನೀನು ಕೂತ್ಕೋ. ನಿಂತ್ರೆ ದಣಿವಾಗುತ್ತೆ."

"ಸುಮ್ನಿರು."

"ಹಾರ್ಲನ್, ನೀನು ಸಾಯ್ತೀಯ ಅನ್ನೋ ಭಯದಲ್ಲಿ ನಾನೇ ನಿನ್ನ ಕೊಲ್ತಿದ್ದೆ."

ಈಗ ಪಾದ್ರಿ ಬರುತ್ತಾನೆ, ನರ್ಸ್ ಬರುತ್ತಾಳೆ ಎಂದು ಅವಳು ಕಾದಳು. ಬಂದರೆ ಸಾಕಿತ್ತು. ನೀರಿನ ಸದ್ದಿನ ನಡುವೆ ಬಂದದ್ದು ಅವಳು ಎಂದೂ ಕೇಳದ ಸಣ್ಣ ದನಿ.

"ನಂಗೂ ಭಯ ಕಣೇ. ದಿನಾ ಬೆಳಗ್ಗೆ ಆ ತೂಕದ ಮೇಲೆ ಕಣ್ಣು ಮುಚ್ಕೊಂಡೇ ಹತ್ತೋದು ನಾನು. ನೀನು ಬಾಗಿಲ ಹಿಂದೆ ನಿಂತಿರ್ತೀಯ ಅಂತ ಏನೋ ಒಂದು ತಮಾಷೆ ಹೇಳ್ತೀನಿ."

ವರ್ನಾ ಉರಿಯದ ಕೈಯನ್ನು ಹಿಂದಕ್ಕೆ ಚಾಚಿ ಅವನ ಅಂಗಿಯನ್ನು ಹಿಡಿದುಕೊಂಡಳು.

ಆಸ್ಪತ್ರೆಯವರು ಅವಳ ಕೈಗೆ ಪಟ್ಟಿ ಸುತ್ತಿ, ಅವನ ತುಟಿಗೆ ಮುಲಾಮು ಕೊಟ್ಟು ಕಳಿಸಿದರು. ಲೊರೆಟ್ಟಾ ದಾರಿಯುದ್ದಕ್ಕೂ ಇಬ್ಬರಿಗೂ ಸೇರಿಸಿ ಬೈದಳು. ಮನೆಗೆ ಬಂದವಳೇ ಸೋಡಾ ಡಬ್ಬಿಯನ್ನು ಮನೆಯಿಂದ ಹೊರಗೆ ದಾಟಿಸಿದಳು. ಉಪ್ಪಿನ ಡಬ್ಬಿಯನ್ನೂ ಎತ್ತಿಕೊಂಡು ಹೊರಟಾಗ ವರ್ನಾ ಹಿಂದಿನಿಂದ ಹೇಳಿದಳು.

"ಅದು ತಲೆಬುರುಡೆ ಡಬ್ಬಿ, ಎಸಿ. ನೆಲಮಾಳಿಗೆ ಯಾಕೆ, ಎಲ್ಲೂ ಬಚ್ಚಿಡೋದು ಬೇಡ. ನಾಳೆ ಅಂಗಡಿಯಿಂದ ಹೊಸ ಉಪ್ಪು ತಂದು ಗಾಜಿನ ಬಾಟಲಿಗೆ ಹಾಕಿ ಮೇಜಿನ ಮೇಲಿಡು."

"ಅಪ್ಪನ ಮುಂದೆಯಾ? ತಲೆ ಸರಿ ಇದೆಯಾ ನಿಂಗೆ?"

"ಇಲ್ಲ. ಆದ್ರೂ ಇಡು."

ಮರುದಿನ ಊಟಕ್ಕೆ ಕೋಳಿಸಾರು, ಅದರಲ್ಲೇ ಬೆಂದ ಅಗಲ ಹಿಟ್ಟಿನ ತುಂಡುಗಳು, ಬೇಯಿಸಿದ ಆಲೂಗಡ್ಡೆ. ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ವರ್ನಾ ಕೂತಿದ್ದಳು. ಗಾಜಿನ ಬಾಟಲಿ ನಡುವೆ ನಿಂತಿತ್ತು, ಮನೆಗೆ ಬಂದ ಹೊಸ ಅಳಿಯನ ಹಾಗೆ. ಯಾರೂ ಅದರ ಕಡೆ ನೇರವಾಗಿ ನೋಡುತ್ತಿರಲಿಲ್ಲ. ಲೊರೆಟ್ಟಾ ತನ್ನ ಸಾರಿಗೆ ಹಾಕಿಕೊಂಡಳು. ಟೆಸ್ಸಾ ಹಾಕಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ತಾತನ ತಟ್ಟೆಯ ಪಕ್ಕ ಇಟ್ಟಳು.

ಹಾರ್ಲನ್ ಬಾಟಲಿಯನ್ನು ಕೈಗೆತ್ತಿಕೊಂಡ. ಆಡಿಸಿದ. ಹರಳುಗಳು ಗಾಜಿಗೆ ತಗಲಿ ಸದ್ದು ಮಾಡಿದವು.

"ವರ್ನಾ, ಹಾಕ್ಕೊಳ್ಳಲಾ?"

ಬೇಡ ಎಂಬ ಮಾತು ಹಲ್ಲಿನವರೆಗೆ ಬಂತು. ಅವಳ ಎದೆ ಹೊಡೆದುಕೊಳ್ಳುವುದು ಪಟ್ಟಿಯೊಳಗಿನ ಅಂಗೈಯಲ್ಲಿ ಮಿಡಿಯಿತು. ಮಾತನ್ನು ನುಂಗಿಕೊಂಡಳು.

"ನನ್ನ ಕೇಳ್ಬೇಡ," ಎಂದಳು. "ಎದೆ ನಿಂದು."

ಅವನು ಬಾಟಲಿಯನ್ನು ಹಿಡಿದುಕೊಂಡೇ ಇದ್ದ. ಟೆಸ್ಸಾ ಅಗಿಯುವುದನ್ನು ನಿಲ್ಲಿಸಿದಳು. ವರ್ನಾ ಅವನ ಕೈಯನ್ನು ನೋಡಲಿಲ್ಲ. ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಭ್ಯಾಸವಿಲ್ಲದ ಎಡಗೈಯಲ್ಲಿ ಚಮಚ ಹಿಡಿದು, ಸಾರನ್ನು ಅರ್ಧ ಚೆಲ್ಲುತ್ತಾ ಬಾಯಿಗೆ ತಂದಳು. ಮೇಜಿಗೆ ಗಾಜು ತಗಲಿದ ಸದ್ದಾಯಿತು. ಹಾಕಿಕೊಂಡು ಇಟ್ಟನೋ ಹಾಗೇ ಇಟ್ಟನೋ ಎಂದು ತಿರುಗಿ ನೋಡದೆ ಅವಳು ಇನ್ನೊಂದು ಚಮಚ ತುಂಬಿಕೊಂಡಳು.